ನೆರೆ ಮುಟ್ಟದ ಗೋಡೆ

ಮನೆ ಮೊದಲಿದ್ದ ಹಾಗೆಯೇ ಆಗಬೇಕು ಎಂದು ಇಮ್ತಿಯಾಝ್ ಹೇಳಿದ್ದು ಒಂದು ಶುಕ್ರವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಅವನಿದ್ದದ್ದು ದಮ್ಮಾಮಿನಲ್ಲಿ. ಪಾಣೆಮಂಗಳೂರಿನ ಹಳೆಪೇಟೆಯ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟ ಮೊಬೈಲಿನೊಳಗೆ ಅವನ ಮುಖ ಮಾತ್ರ ಇತ್ತು.

"ಅಜ್ಜನ ಕಾಲದಲ್ಲಿ ಹೇಗಿತ್ತೋ ಹಾಗೆ, ಬಾಪ. ಮರದ ಮುಚ್ಚಿಗೆ, ಕಂಬ, ಜಗಲಿಯ ಮರದ ಕಟಾಂಜನ ಎಲ್ಲ ಹಾಗೇ. ಇಂಥ ಮನೆ ಈಗ ಯಾರ ಹತ್ರ ಉಂಟು? ಮೂಡಬಿದ್ರೆಯಲ್ಲಿ ಒಬ್ರು ಮೇಡಂ ಇದ್ದಾರೆ, ಹಳೆ ಮನೆಗಳ ಕೆಲಸವೇ ಮಾಡೋದು. ಬಂದು ನೋಡ್ತಾರೆ. ಕೆಲಸ ಮುಗಿದ ಮೇಲೆ ದೂರದಿಂದ ಜನ ನೋಡ್ಲಿಕ್ಕೆ ಬರ್ತಾರೆ, ನೋಡ್ತಾ ಇರಿ."

ಅಬ್ದುಲ್ ಶುಕೂರ್ ಹಾಜಿಗೆ ಎಪ್ಪತ್ತು ದಾಟಿತ್ತು. ಬಟ್ಟೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಉಳಿದದ್ದು ಎರಡೇ ಕೆಲಸ: ಐದು ಹೊತ್ತು ನಮಾಝ್, ಮತ್ತು ಸಿಕ್ಕಿದವರಿಗೆಲ್ಲ ಮನೆಯ ಚರಿತ್ರೆ ಹೇಳುವುದು. ಬೆಳ್ತಂಗಡಿ ಕಡೆಯ ಕಾಡಿನ ಮರ ನೇತ್ರಾವತಿಯಲ್ಲಿ ತೇಲಿಬಂದು ಈ ಮನೆಯ ಕಂಬವಾದದ್ದನ್ನು ಹೇಳತೊಡಗಿದರೆ ಚಹಾ ತಣ್ಣಗಾದರೂ ನಿಲ್ಲಿಸುವವರಲ್ಲ. ಮಗನ ಮಾತು ಕೇಳಿ, ಇನ್ನೊಂದು ಮದುವೆ ಮಾಡಿಸುತ್ತೇನೆ ಎಂದಷ್ಟು ಖುಷಿಯಾಯಿತು ಅವರಿಗೆ.

"ಮಾಡಿಸು ಮಾರಾಯ, ಮಾಡಿಸು. ನಾನು ಕಣ್ಣು ಮುಚ್ಚುವ ಮೊದಲು ಒಮ್ಮೆ ನೋಡ್ತೇನೆ."

ಬಡಿಸುತ್ತಿದ್ದ ಸೊಸೆ ರಿಫಾ ಮೊಬೈಲಿನ ಕಡೆ ಬಗ್ಗಿ ಕೇಳಿದಳು: "ಅಡಿಗೆಮನೆ?"

"ಅದೂ ಮೊದಲಿದ್ದ ಹಾಗೇ," ಎಂದ ಗಂಡ.

ರಿಫಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಮನೆಯನ್ನು ಒಮ್ಮೆ ನೋಡಿದವರಿಗೆ ಅವಳು ಯಾಕೆ ನಿಂತಳೆಂದು ತಿಳಿಯುತ್ತದೆ. ರಸ್ತೆಯಿಂದ ಹತ್ತಿದರೆ ಜಗಲಿ, ಜಗಲಿ ದಾಟಿದರೆ ಚಾವಡಿ, ಚಾವಡಿಯಿಂದ ಒಳಗೆ ಎರಡು ಕೋಣೆ, ಕೊನೆಗೆ ಅಡಿಗೆಮನೆ. ಹಿಂದೆ ಹಿತ್ತಿಲು, ಬಾವಿ, ಅದರಾಚೆ ಹೊಳೆ; ಆ ಕಡೆಯಿಂದ ಬೀದಿಗೆ ದಾರಿಯಿಲ್ಲ. ಚಾವಡಿಯಲ್ಲಿ ಗಂಡಸರು ಕೂತಿರುವಾಗ ಹೆಂಗಸರು ಅವರ ಎದುರಿನಿಂದ ಹಾದುಹೋಗುವ ಪದ್ಧತಿ ಆ ಮನೆಯಲ್ಲಿ ಇಲ್ಲ. ಮತ್ತು ಶುಕೂರ್ ಹಾಜಿಯ ಚಾವಡಿಯಲ್ಲಿ ಗಂಡಸರು ಇಲ್ಲದ ಹೊತ್ತೇ ಕಡಿಮೆ. ಹಾಗಾಗಿ ಹೆಂಗಸರ ಲೋಕವೆಲ್ಲ ನಡೆಯುತ್ತಿದ್ದದ್ದು ಅಡಿಗೆಮನೆಯ ಪಕ್ಕದ ಗೋಡೆಯಲ್ಲಿ, ಓಣಿಗೆ ತೆರೆದುಕೊಳ್ಳುವ ಒಂದು ಗಿಡ್ಡ ಬಾಗಿಲಿನಿಂದ. ಮೀನು ಮಾರುವ ಅಮ್ಮಣಿ ಬುಟ್ಟಿ ಇಳಿಸುವುದು ಅಲ್ಲಿ. ರಿಫಾಳ ಮಗಳು ಫಾಯಿಝಾ ಮೆಲ್ಕಾರಿನ ಕಾಲೇಜಿಗೆ ಓಡುವುದು ಅಲ್ಲಿಂದ. ರಿಫಾ ದಿನಾ ಬೆಳಿಗ್ಗೆ ಸುಡುವ ತೆಳು ಅಕ್ಕಿರೊಟ್ಟಿಯ, ಅಂದರೆ ಪತ್ತಿರ್‌ನ, ಬುಟ್ಟಿಗಳನ್ನು ಆಟೋ ಓಡಿಸುವ ನಿಝಾರ್ ಹೇರಿಕೊಂಡು ಮೆಲ್ಕಾರಿನ ಹೋಟೆಲುಗಳಿಗೆ ಒಯ್ಯುವುದೂ ಅಲ್ಲಿಂದಲೇ. ಆ ಪತ್ತಿರ್ ವ್ಯಾಪಾರ ರಿಫಾಳ ಸ್ವಂತದ್ದು. ಗಂಡನನ್ನು ಕೇಳದೆ ಅವಳು ಮಾಡಿದ ಒಂದೇ ಕೆಲಸ ಅದು.

ಮುಂದಿನ ವಾರ ಮೂಡಬಿದ್ರೆಯ ಆ ಮೇಡಂ, ವಿಸ್ಮಿತಾ, ಬಂದಳು. ಜೀನ್ಸು, ಹೆಗಲಲ್ಲಿ ಚೀಲ, ಕೈಯಲ್ಲಿ ಅಳತೆಯ ಟೇಪು. ಎದುರು ಬಾಗಿಲಿನಿಂದಲೇ ಬಂದು ಚಾವಡಿಯಲ್ಲಿ ಗಂಡಸರ ಸಮಕ್ಕೆ ಕುಳಿತು ಚಹಾ ಕುಡಿದಳು. ಯಾರಿಗೂ ಏನೂ ಅನಿಸಲಿಲ್ಲ. ಮೇಡಂ ಎಂದರೆ ಹಾಗೆಯೇ. ಒಳಬಾಗಿಲಿನ ಹಿಂದೆ ನಿಂತು ನೋಡುತ್ತಿದ್ದ ರಿಫಾಳಿಗೆ ಮಾತ್ರ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮನೆಯೆಲ್ಲ ಸುತ್ತಿ ಅಡಿಗೆಮನೆಗೆ ಬಂದಾಗ ವಿಸ್ಮಿತಾ ಓಣಿಯ ಬಾಗಿಲನ್ನು ತಟ್ಟಿ ನೋಡಿದಳು.

"ಇದು ಮನೆಯ ಜೊತೆ ಕಟ್ಟಿದ್ದಲ್ಲ ಅಲ್ವಾ, ಹಾಜಿಯವರೇ? ದಾರಂದದ ಚೌಕಟ್ಟಿನ ಮರವೇ ಬೇರೆ."

"ಅಲ್ಲ, ಅಲ್ಲ. ಅಲ್ಲಿ ಪೂರಾ ಗೋಡೆ ಇತ್ತು. ಎಪ್ಪತ್ತನಾಲ್ಕರ ನೆರೆಯಲ್ಲಿ ಹೋಯಿತು. ಆಮೇಲೆ ಕಟ್ಟುವ ತಾಪತ್ರಯ ಯಾಕೆ ಅಂತ ಒಂದು ಬಾಗಿಲು ಇಟ್ಟುಬಿಟ್ಟೆವು."

"ಹಾಗಾದ್ರೆ ನೆರೆಯಿಂದ ಆದ ಹಾನಿ," ಎಂದಳು ವಿಸ್ಮಿತಾ. "ಅದನ್ನು ಸರಿ ಮಾಡುವ. ಕೆಂಪುಕಲ್ಲು ಇಟ್ಟು ಸುಣ್ಣದ ಗಾರೆ ಮಾಡಿದ್ರೆ ಗುರುತೇ ಸಿಗುವುದಿಲ್ಲ."

ಹಾಜಿಯವರ ಹೆಂಡತಿ ಜೈನಬಮ್ಮ ಒಲೆಯ ಹತ್ತಿರ ಈರುಳ್ಳಿ ಸುಲಿಯುತ್ತಿದ್ದರು. ಗಂಡನ ಮುಖ ನೋಡಿದರು, ಪುನಃ ಈರುಳ್ಳಿ ಸುಲಿದರು.

ಮರುದಿನ ಬೆಳಿಗ್ಗೆ ಅತ್ತೆ ಹಿಟ್ಟಿನ ಉಂಡೆ ಕಟ್ಟುತ್ತಿದ್ದರು, ಸೊಸೆ ಲಟ್ಟಿಸುತ್ತಿದ್ದಳು. ರಿಫಾಳ ಲಟ್ಟಣಿಗೆ ಮಣೆಯ ಮೇಲೆ ಜೋರಾಗಿ ಬೀಳುತ್ತಿತ್ತು.

"ಹಿಟ್ಟಿನ ಮೇಲೆ ಯಾಕೆ ಸಿಟ್ಟು?" ಎಂದರು ಜೈನಬಮ್ಮ.

"ಮತ್ತೆ ಯಾರ ಮೇಲೆ ಮಾಡ್ಲಿ ಮಾಮಿ? ನೆರೆಯ ಮೇಲಾ? ಅದು ಬಂದು ಹೋಗಿ ಐವತ್ತು ವರ್ಷ ಆಯ್ತು, ಈಗ ನನ್ನ ಬಾಗಿಲು ಮುಚ್ಚಿಸ್ತಾ ಉಂಟು."

ಜೈನಬಮ್ಮ ಕಟ್ಟಿದ ಉಂಡೆಗಳನ್ನು ಎಣಿಸಿದರು. ಆಮೇಲೆ ಒಂದು ಉಂಡೆಯನ್ನು ಅಂಗೈಯಲ್ಲಿ ಒತ್ತುತ್ತಾ ಹೇಳಿದರು: "ನೆರೆ ಆ ಗೋಡೆಯನ್ನು ಮುಟ್ಟಲೇ ಇಲ್ಲ."

"ಏನು?"

"ಒಡೆದದ್ದು ನಾನು."

ರಿಫಾ ಕಾವಲಿಯ ಮೇಲಿದ್ದ ಪತ್ತಿರ್ ಮರೆತಳು. ಅದು ಕರಿಯಾದ ಮೇಲೆ ಜೈನಬಮ್ಮನೇ ತೆಗೆದು ಬದಿಗಿಟ್ಟರು.

"ನಾನು ಈ ಮನೆಗೆ ಬಂದು ವರ್ಷ ಆಗಿರಲಿಲ್ಲ. ನಿನ್ನ ಮಾವ ಬೊಂಬಾಯಿಯಲ್ಲಿ ಅಂಗಡಿ ಕೆಲಸಕ್ಕಿದ್ದರು. ನೆರೆ ಬಂದಾಗ ನಾವೆಲ್ಲ ಮೆಲ್ಕಾರಿನ ನೆಂಟರ ಮನೆಗೆ ಹತ್ತಿದೆವು. ನೀರು ಇಳಿದ ಮೇಲೆ ಕೆಸರು ಬಳಿಯಲಿಕ್ಕೆ ಅಂತ ನನ್ನನ್ನೂ ಆಳು ಮಾಯಿಲಪ್ಪನನ್ನೂ ಮೊದಲು ಕಳಿಸಿದರು. ಆ ವಾರ ಪೇಟೆಯಲ್ಲಿ ಚಾವಡಿ ಇಲ್ಲ, ಮರೆ ಇಲ್ಲ, ಏನೂ ಇಲ್ಲ. ಎಲ್ಲ ಹೆಂಗಸರೂ ಸೀರೆ ಎತ್ತಿ ಕಟ್ಟಿ ಬೀದಿಯಲ್ಲಿ! ನಾನು ಒಬ್ಬಳೇ ಹೊಳೆ ದಾಟುವ ಸಂಕದವರೆಗೆ ನಡೆದುಕೊಂಡು ಹೋಗಿ ಹೊಳೆ ನೋಡಿ ಬಂದೆ. ಯಾರೂ ಎಲ್ಲಿಗೆ ಅಂತ ಕೇಳಲಿಲ್ಲ. ಇನ್ನು ಮನೆ ತೊಳೆದಾಯ್ತು ಅಂದ್ರೆ ಪುನಃ ಒಳಗೇ ಅಂತ ನೆನೆದು ಅಳು ಬಂತು. ಮಾಯಿಲಪ್ಪನ ಹತ್ರ, ಈ ಗೋಡೆ ಒಡಿ ಅಂದೆ. ನಿಮ್ಮ ಮಾವ ಕೊಲ್ತಾರೆ ಅಮ್ಮ ಅಂದ. ಪಿಕ್ಕಾಸು ಅಲ್ಲಿಟ್ಟು ಹಿತ್ತಿಲಿಗೆ ಹೋಗಿ ಬೆನ್ನು ಹಾಕಿ ಕೂತ."

"ನೀವೇ ಒಡೆದಿರಾ? ಕೆಂಪುಕಲ್ಲಿನ ಗೋಡೆ?"

"ನೆನೆದಿತ್ತಲ್ಲ. ಆದ್ರೂ ಕೈ ಪೂರಾ ಬೊಕ್ಕೆ." ಜೈನಬಮ್ಮ ನಕ್ಕರು. "ನನ್ನ ಮಾವ ಬಂದು ನೋಡಿ ಒಮ್ಮೆ ಕೂಗಿದರು ನೋಡು! ಅಷ್ಟರಲ್ಲಿ ಇವರು ಬೊಂಬಾಯಿಯಿಂದ ಬಂದ್ರು. ಕಲ್ಲಿನ ಮೇಲೆ ಪಿಕ್ಕಾಸಿನ ಗುರುತು ಕಂಡ್ರು, ನನ್ನ ಕೈ ಕಂಡ್ರು. ಕಂಡು, ಅವರ ಬಾಪನಿಗೆ, ನೆರೆ ತೆಗೆದದ್ದು ಅಂತ ಹೇಳಿದ್ರು. ಮಸೀದಿಯಲ್ಲೂ ಅದೇ ಹೇಳಿದ್ರು. ಆವತ್ತು ನನಗೆ ಅವರು ಮೊದಲ ಸಲ ಇಷ್ಟ ಆದದ್ದು."

"ಹಾಗಾದ್ರೆ ಹೇಳಿ ಮಾಮಿ! ಈಗ ಹೇಳಿ!"

"ಹೇಗೆ ಹೇಳುವುದು? ಐವತ್ತು ವರ್ಷದಿಂದ ಅವರು ನೆರೆ ಅಂತ ಹೇಳ್ತಾ ಬಂದಿದ್ದಾರೆ. ನನಗೋಸ್ಕರ ಹೇಳಿದ ಸುಳ್ಳು ಅದು. ಅದನ್ನು ನಾನೇ ಹೋಗಿ ನಾಲ್ಕು ಜನರ ಎದುರು ಒಡೆಯಲಾ?"

"ಗೋಡೆ ಒಡೆದ್ರಲ್ಲ?"

"ಗೋಡೆಗೆ ಮರ್ಯಾದೆ ಇಲ್ಲ," ಎಂದರು ಜೈನಬಮ್ಮ. ರಿಫಾಳಿಗೆ ಕೆಟ್ಟ ಕೋಪ ಬಂತು.

ಅಂದು ಸಂಜೆ ಅವಳು ಗಂಡನಿಗೆ ಫೋನು ಮಾಡಿದಳು. ಅತ್ತೆಯ ಗುಟ್ಟು ಹೇಳಲಿಲ್ಲ, ಬಾಗಿಲು ಬೇಕು ಎಂದಷ್ಟೇ ಹೇಳಿದಳು.

"ಎದುರು ಬಾಗಿಲಲ್ಲಿ ಹೋಗು. ಯಾರು ಬೇಡ ಅಂದ್ರು?" ಎಂದ ಇಮ್ತಿಯಾಝ್.

"ನಿಮ್ಮ ಬಾಪ ಮತ್ತು ಅವರ ಸ್ನೇಹಿತರ ಎದುರು ಪತ್ತಿರ್ ಬುಟ್ಟಿ ಹೊತ್ತುಕೊಂಡಾ? ಆಮೇಲೆ ಮಾವ ಊಟ ಮಾಡ್ತಾರಾ ಅಂತ ನೀವೇ ಹೇಳಿ."

"ಹಾಗಾದ್ರೆ ಪತ್ತಿರ್ ಬಿಡು. ನಾನು ಇಲ್ಲಿ ದುಡಿಯುವುದು ಯಾರಿಗೆ? ನಿನಗೆ ಏನು ಕಮ್ಮಿ ಮಾಡಿದ್ದೇನೆ?"

"ಏನೂ ಇಲ್ಲ," ಎಂದಳು ರಿಫಾ. ನಿಜಕ್ಕೂ ಅವನು ಏನೂ ಕಡಿಮೆ ಮಾಡಿರಲಿಲ್ಲ. ಅದಕ್ಕೇ ಅವಳು ಫೋನು ಇಟ್ಟಳು.

ಉಳಿದದ್ದು ವಿಸ್ಮಿತಾ. ಅವಳು ಎರಡನೆಯ ಸಲ ಬಂದಾಗ ರಿಫಾ ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದಳು.

"ಮೇಡಂ, ಆ ಬಾಗಿಲು ಉಳಿಸ್ಲಿಕ್ಕೆ ಆಗುದಿಲ್ವಾ?"

"ಉಳಿಸಿದ್ರೆ ನನಗೇನೂ ಬೇಜಾರಿಲ್ಲ, ಅಕ್ಕ. ಆದ್ರೆ ಸರ್ ಮೊದಲಿದ್ದ ಹಾಗೆ ಬೇಕು ಅಂತಾರೆ. ನೆರೆಗೆ ಬಿದ್ದ ಗೋಡೆ ಅಂದ್ರೆ ಕಟ್ಟಬೇಕಾಗ್ತದೆ. ಮನೆಯವರು ಯಾರಾದ್ರೂ ಬೇಕು ಅಂತಲೇ ತೆರೆದದ್ದಾದ್ರೆ ಮಾತು ಬೇರೆ. ಆಗ ಅದೂ ಮನೆಯ ಚರಿತ್ರೆಯೇ. ಐವತ್ತು ವರ್ಷ ಕಮ್ಮಿಯಾ? ನಾನೇ ಸರ್ ಹತ್ರ ವಾದ ಮಾಡ್ತೇನೆ. ಗೊತ್ತಿದ್ದವರು ಒಬ್ರು ಹೇಳಬೇಕಷ್ಟೆ."

"ಮಾಮಿಯನ್ನು ಕೇಳಿ," ಎಂದುಬಿಟ್ಟಳು ರಿಫಾ.

ವಿಸ್ಮಿತಾ ಕೇಳಿದಳು. ಆದರೆ ಕೇಳಿದ ಜಾಗ ತಪ್ಪಾಯಿತು. ಅವಳಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಚಾವಡಿಯಲ್ಲಿ ಶುಕೂರ್ ಹಾಜಿ ಕುಳಿತಿರುವಾಗ, ಜೈನಬಮ್ಮನನ್ನು ಒಳಬಾಗಿಲಿಗೆ ಕರೆಸಿ ಕೇಳಿದಳು.

"ಅಮ್ಮಾ, ಆ ಓಣಿಯ ಬಾಗಿಲು ಹೇಗೆ ಆದದ್ದು? ನೆನಪುಂಟಾ?"

ಜೈನಬಮ್ಮ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡರು. ಶುಕೂರ್ ಹಾಜಿ ತಲೆ ಎತ್ತಲಿಲ್ಲ, ತಸ್ಬೀಹ್‌ನ ಮಣಿ ಎಣಿಸುವವರ ಹಾಗೆ ಕೂತಿದ್ದರು. ಆದರೆ ಬೆರಳು ನಿಂತಿತ್ತು.

"ನೆರೆಗೇ ಹೋದದ್ದು," ಎಂದರು ಜೈನಬಮ್ಮ.

ಬೆರಳು ಪುನಃ ಓಡಿತು. ರಿಫಾ ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಾಗಿಲಿನ ಹೊಸ್ತಿಲ ಮೇಲೆ ಕುಳಿತಳು. ಅವತ್ತು ಅತ್ತೆಯ ಜೊತೆ ಮಾತಾಡಲಿಲ್ಲ, ಮರುದಿನವೂ ಇಲ್ಲ. ಇಬ್ಬರೂ ಫಾಯಿಝಾಳ ಮೂಲಕ ಉಪ್ಪು ಕೇಳಿದರು, ಮೆಣಸು ಕೇಳಿದರು.

"ನಾನೇನು ಪೋಸ್ಟ್‌ಮ್ಯಾನಾ?" ಎಂದು ಹುಡುಗಿ ರೇಗಿದಳು. "ಎದುರೆದುರೇ ಕೂತಿದ್ದೀರಲ್ಲ!"

ಪುಂಜಾಲಕಟ್ಟೆಯಿಂದ ತುಕ್ರಪ್ಪ ಮೇಸ್ತ್ರಿ ಬಂದ. ಮುಚ್ಚಿಗೆ ಇಳಿಸಿದರು, ಹೆಂಚು ಇಳಿಸಿದರು. ಮನೆಯೆಲ್ಲ ಧೂಳು. ಅನ್ನದಲ್ಲಿ ಮರಳು ಸಿಕ್ಕಿದರೂ ಶುಕೂರ್ ಹಾಜಿ ಗೊಣಗಲಿಲ್ಲ, ಅದು ಅಜ್ಜನ ಮನೆಯ ಮರಳಲ್ಲವೇ! ಕೊನೆಗೆ ಒಂದು ಬೆಳಿಗ್ಗೆ ತುಕ್ರಪ್ಪ ಓಣಿಯ ಬಾಗಿಲಿನ ದಾರಂದ ಕಿತ್ತ. ಅದು ಬಹಳ ಸುಲಭವಾಗಿ ಬಂತು. ಒಂದೊಂದೇ ಕೆಂಪುಕಲ್ಲು ಏರಿ, ಓಣಿಯ ಎದುರುಗೋಡೆ, ಅದರ ಮೇಲಿನ ಪಾಚಿ, ಅಲ್ಲಿ ಮಲಗುವ ಬೆಕ್ಕು ಎಲ್ಲ ಕಾಣದೆ ಹೋದವು. ಮಧ್ಯಾಹ್ನದ ಊಟದ ಹೊತ್ತಿಗೆ ಅಡಿಗೆಮನೆಯಲ್ಲಿ ದೀಪ ಹಾಕಬೇಕಾಯಿತು.

ಆಮೇಲಿನ ದಿನಗಳು ಹೇಗೆ ಹೋದವೆಂದು ಬರೆಯಲು ಹೆಚ್ಚೇನೂ ಇಲ್ಲ. ಹೊಗೆ ಹೋಗಲು ದಾರಿಯಿಲ್ಲದೆ ಕಣ್ಣು ಉರಿಯಿತು. ಅಮ್ಮಣಿ ಅಭ್ಯಾಸದಂತೆ ಓಣಿಗೆ ಬಂದು, ಗೋಡೆಯಾಚೆ ನಿಂತು "ಬಂಗುಡೆ ಉಂಟು, ಜೈನಬಮ್ಮಾ" ಎಂದು ಕೂಗುತ್ತಿದ್ದಳು. ಒಳಗಿನಿಂದ ಜೈನಬಮ್ಮ "ಎದುರು ಕೊಡು" ಎಂದು ಕೂಗುತ್ತಿದ್ದರು. ಎದುರು ಶುಕೂರ್ ಹಾಜಿ ಎರಡು ಮೀನು ಕಡಿಮೆ ತೆಗೆದುಕೊಂಡು ಚರ್ಚೆ ಮಾಡುತ್ತಿದ್ದರು. ಫಾಯಿಝಾ ತಲೆ ತಗ್ಗಿಸಿ ಚಾವಡಿ ದಾಟಿ ಕಾಲೇಜಿಗೆ ಓಡುತ್ತಿದ್ದಳು. ಹುಡುಗಿಯರಿಗೆ ಮಾಫಿ ಇತ್ತು. ನಿಝಾರ್ ಎರಡು ದಿನ ಆಟೋ ತಂದು ಎದುರು ನಿಲ್ಲಿಸಿ ಹಾರ್ನ್ ಹಾಕಿದ. ಒಳಗೆ ಬುಟ್ಟಿ ಕಟ್ಟಿಟ್ಟ ರಿಫಾ ಚಾವಡಿಯ ಮಾತು ನಿಲ್ಲುವುದನ್ನೇ ಕಾಯುತ್ತಾ ನಿಂತಳು. ಮಾತು ನಿಲ್ಲಲಿಲ್ಲ. ಪತ್ತಿರ್ ತಣ್ಣಗಾಗಿ ಗಟ್ಟಿಯಾಯಿತು. ಮೂರನೆಯ ದಿನ ಹೋಟೆಲಿನವರು ಬೇರೆಯವರನ್ನು ಹಿಡಿದರು.

ರಿಫಾ ಗುರುವಾಯನಕೆರೆಯ ತವರಿಗೆ ಹೋದಳು. ಒಂದು ವಾರ ಇದ್ದು ಬರುತ್ತೇನೆ ಎಂದವಳು ಇನ್ನು ಬರುವುದೇ ಇಲ್ಲ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಅವಳ ಅಣ್ಣ ಕಾರಣ ಕೇಳಿದ.

"ಒಂದು ಬಾಗಿಲು ಮುಚ್ಚಿದ್ರು."

"ಗಂಡ ಹೊಡೆದನಾ?"

"ಇಲ್ಲ."

"ಅತ್ತೆ ಬೈದರಾ?"

"ಇಲ್ಲ."

"ಮತ್ತೆ ಬಾಗಿಲಿಗೆ ಯಾರಾದ್ರೂ ಗಂಡನ ಮನೆ ಬಿಡ್ತಾರಾ, ಮಾರಾಯ್ತಿ?" ಎಂದು ನಕ್ಕು, ಮೂರನೆಯ ದಿನ ತಾನೇ ಕಾರಿನಲ್ಲಿ ತಂದು ಬಿಟ್ಟ. ಚಾವಡಿಯಲ್ಲಿ ಕುಳಿತು ಹೊಸ ಮುಚ್ಚಿಗೆ ನೋಡಿ ಬಾಯಿ ತುಂಬ ಹೊಗಳಿದ.

ಅಡಿಗೆಮನೆಗೆ ಬಂದ ರಿಫಾಳಿಗೆ ಜೈನಬಮ್ಮ ತಟ್ಟೆ ಇಟ್ಟರು. "ನೀನು ಬರುದಿಲ್ಲ ಅಂತ ತಿಳಿದಿದ್ದೆ," ಎಂದರು.

"ನಾನೂ ಹಾಗೇ ತಿಳಿದಿದ್ದೆ," ಎಂದಳು ರಿಫಾ. ಅವರ ನಡುವಿನ ಮೌನ ಮುರಿದದ್ದು ಹೀಗೆ.

ಇಮ್ತಿಯಾಝ್ ರಜೆಯಲ್ಲಿ ಬಂದ ಮೇಲೆ ಒಂದು ಭಾನುವಾರ ಮನೆ ತೋರಿಸುವ ಕಾರ್ಯಕ್ರಮ. ಮಂಗಳೂರು, ಮೂಡಬಿದ್ರೆಗಳಿಂದ ಹಳೆ ಮನೆಗಳ ಹುಚ್ಚಿನವರು ಕ್ಯಾಮೆರಾ ಹಿಡಿದು ಬಂದರು. ಪೇಟೆಯ ಹಿರಿಯರೂ ಬಂದರು. ಒಳಗೆ ಬೆಳಿಗ್ಗೆಯಿಂದ ಬಿರಿಯಾನಿ. ಹೊಗೆಯಲ್ಲಿ ಅತ್ತೆ ಸೊಸೆ ಮೊಮ್ಮಗಳು ಮೂವರೂ ಕೆಮ್ಮುತ್ತಾ ಈರುಳ್ಳಿ ಹುರಿದರು. ಮನೆಯೇನೋ ಚೆನ್ನಾಗಿಯೇ ಆಗಿತ್ತು, ಇಲ್ಲವೆನ್ನಬಾರದು. ಕಂಬಗಳು ಎಣ್ಣೆ ಕುಡಿದು ಹೊಳೆಯುತ್ತಿದ್ದವು.

ಶುಕೂರ್ ಹಾಜಿ ಬಿಳಿ ಅಂಗಿ ತೊಟ್ಟು ಚರಿತ್ರೆ ಹೇಳಿದರು. ಕಾಡಿನ ಮರ ತೇಲಿಬಂತು. ಅಕ್ಕಿಯ ದೋಣಿಗಳು ಬಂದವು. ಆಮೇಲೆ ನೆರೆ ಬಂತು.

"ಈ ಗೋಡೆ ಇಡೀ ಹೋಗಿತ್ತು. ಈಗ ನನ್ನ ಮಗ ಪುನಃ ಕಟ್ಟಿಸಿದ್ದಾನೆ. ಆಗಿನ ಹೆಂಗಸರು ಅಂದ್ರೆ ಹೊಸ್ತಿಲು ದಾಟಿದವರಲ್ಲ. ಕೆಸರು ಬಳಿಯಲಿಕ್ಕೆ ಕಳಿಸಿದ್ರೆ, ನಮ್ಮ ಇವಳು ಹೊರಗೆ ಬರ್ಲಿಕ್ಕೆ ಹೆದರಿ, ಬಾಗಿಲ ಹಿಂದೆ ಅಳ್ತಾ ಕೂತಿದ್ದಳು."

ಎಲ್ಲರೂ ಪ್ರೀತಿಯಿಂದ ನಕ್ಕರು. ಒಳಬಾಗಿಲಿನಲ್ಲಿ ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದ ಜೈನಬಮ್ಮ ಆ ತಟ್ಟೆಯನ್ನು ರಿಫಾಳ ಕೈಗೆ ಕೊಟ್ಟರು. ಕೊಟ್ಟು ಚಾವಡಿಗೆ ಕಾಲಿಟ್ಟರು.

"ನಾನು ಹೆದರಲಿಲ್ಲ," ಎಂದರು. "ನೆರೆ ಆ ಗೋಡೆಯನ್ನು ಮುಟ್ಟಲೂ ಇಲ್ಲ. ಮಾಯಿಲಪ್ಪನ ಪಿಕ್ಕಾಸಿನಲ್ಲಿ ಅದನ್ನು ಒಡೆದದ್ದು ನಾನು. ಹೊರಗೆ ಹೋಗ್ಲಿಕ್ಕೆ ಒಡೆದದ್ದು."

ಕ್ಯಾಮೆರಾ ಹಿಡಿದಿದ್ದವನೊಬ್ಬ ಮೊದಲು ನಕ್ಕ: "ಅಮ್ಮ ಒಳ್ಳೆ ತಮಾಷೆ ಮಾಡ್ತಾರೆ!" ಇಮ್ತಿಯಾಝ್ ಎದ್ದು ಬಂದು ತಾಯಿಯ ಭುಜ ಹಿಡಿದ. ವಿಸ್ಮಿತಾ ಮಾತ್ರ ನಗದೆ ಮುಂದೆ ಬಂದಳು.

"ಹಾಜಿಯವರೇ, ಹೌದಾ?"

ಗೊತ್ತಿದ್ದವರು ಆ ಚಾವಡಿಯಲ್ಲಿ ಒಬ್ಬರೇ. ಶುಕೂರ್ ಹಾಜಿ ಹೆಂಡತಿಯ ಮುಖ ನೋಡಿದರು. ಪೇಟೆಯ ಹಿರಿಯರ ಮುಖ ನೋಡಿದರು. ಒಂದು ಮಾತು ಸಾಕಿತ್ತು. ಒಳಗೆ ತಟ್ಟೆ ಹಿಡಿದಿದ್ದ ರಿಫಾ ಆ ಮಾತಿಗಾಗಿ ದೇವರಲ್ಲಿ ಬೇಡಿಕೊಂಡಳು.

"ಪಾಪ," ಎಂದರು ಹಾಜಿ. "ವಯಸ್ಸಾಯ್ತಲ್ಲ. ಈಗೀಗ ಮರೆವು."

ಜನ ಅಯ್ಯೋ ಎಂದರು. ಹೆಂಗಸೊಬ್ಬಳು ಜೈನಬಮ್ಮನ ಕೈ ಹಿಡಿದು ಒಳಗೆ ಕರೆತಂದು ಕೂರಿಸಿದಳು. ಬಿರಿಯಾನಿ ಎಲ್ಲರಿಗೂ ಬಹಳ ಇಷ್ಟವಾಯಿತು.

ಮರುದಿನ ಇಮ್ತಿಯಾಝ್ ಮಂಗಳೂರಿನ ಡಾಕ್ಟರರ ಹತ್ತಿರ ತಾಯಿಗೆ ಸಮಯ ತೆಗೆದ. ಅವನಿಗೆ ತಾಯಿಯೆಂದರೆ ಜೀವ. ರಾತ್ರಿ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಾಗಿತ್ತು.

"ಉಮ್ಮನನ್ನು ಇನ್ನು ಒಬ್ಬರೇ ಹೊರಗೆ ಬಿಡಬೇಡ," ಎಂದು ಹೆಂಡತಿಗೆ ಹೇಳಿದ. "ದಾರಿ ತಪ್ಪಿದ್ರೆ? ನೀನೇ ನೋಡ್ಕೊಳ್ಬೇಕು."

ಜೈನಬಮ್ಮ ಗಂಡನಿಗೆ ಅನ್ನ ಬಡಿಸಿದರು. "ಮೀನು ಹಾಕಲಾ?" ಎಂದು ಕೇಳಿದರು. ಹಾಜಿ ತಲೆಯಾಡಿಸಿದರು. ಇನ್ನೂ ಏನೋ ಕೇಳುವವರ ಹಾಗೆ ಜೈನಬಮ್ಮ ಅಲ್ಲೇ ನಿಂತರು. ಹಾಜಿ ಅನ್ನ ಕಲಸುತ್ತಲೇ ಇದ್ದರು, ಬಹಳ ಹೊತ್ತು, ಒಂದು ತುತ್ತೂ ಬಾಯಿಗೆ ಇಡದೆ.

ಇಮ್ತಿಯಾಝ್ ಸಂಜೆ ಬಂಟ್ವಾಳಕ್ಕೆ ಹೋಗಿದ್ದ. ಅಸರ್ ನಮಾಝ್ ಮುಗಿಸಿ ಸ್ನೇಹಿತರು ಚಾವಡಿಯಲ್ಲಿ ಸೇರಿದ್ದರು. ಜೈನಬಮ್ಮ ಗೂಟದಿಂದ ಬುರ್ಖಾ ತೆಗೆದು ತೊಡತೊಡಗಿದರು.

"ಮಾಮಿ, ಒಬ್ಬರೇ ಹೋಗಬಾರದಂತೆ," ಎಂದಳು ರಿಫಾ. ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಅವಳಿಗೆ ಅಳು ಉಕ್ಕಿ ಬಂತು. ಕಾವಲುಗಾರರನ್ನು ಬೇರೆಲ್ಲಿಂದಲೂ ತರಬೇಕಾಗಿರಲಿಲ್ಲ, ಮನೆಯಲ್ಲೇ ತಾನಿದ್ದಳು.

ಜೈನಬಮ್ಮ ಅವಳನ್ನೇ ನೋಡಿದರು.

"ಒಬ್ಬಳೇ ಹೋಗಬಾರದು ಅಷ್ಟೇ ಅಲ್ವಾ? ನೀನೂ ಬಾ."

"ಚಾವಡಿಯಲ್ಲಿ ಜನ ಇದ್ದಾರೆ."

"ಇರ್ಲಿ."

ರಿಫಾ ಒಲೆ ಆರಿಸಿದಳು. ಕೈ ತೊಳೆದಳು. ಬುರ್ಖಾದ ಗುಂಡಿ ಹಾಕಿಕೊಂಡಳು. ಇಬ್ಬರೂ ಒಳಬಾಗಿಲು ದಾಟಿದಾಗ ಚಾವಡಿಯ ಮಾತು ಅರ್ಧಕ್ಕೆ ತುಂಡಾಯಿತು. ಒಬ್ಬರು ಕಾಲು ಮಡಚಿ ದಾರಿ ಬಿಟ್ಟರು, ಇನ್ನೊಬ್ಬರು ಗೋಡೆಯ ಕಡೆ ತಿರುಗಿದರು. ಜೈನಬಮ್ಮ ಅವಸರ ಮಾಡದೆ ಕಂಬಗಳ ನಡುವೆ ನಡೆದು ಜಗಲಿಗೆ ಬಂದರು.

"ಎಲ್ಲಿಗೆ ಹೊರಟದ್ದು?" ಶುಕೂರ್ ಹಾಜಿಯ ದನಿ ಹಿಂದಿನಿಂದ ಬಂತು.

ಜೈನಬಮ್ಮ ಚಪ್ಪಲಿ ಮೆಟ್ಟಿಕೊಂಡರು.

"ನೆನಪಿಲ್ಲ," ಎಂದು ಹೇಳಿ ರಸ್ತೆಗೆ ಇಳಿದರು.